ಹೆಸರು ಹಿಡಿದು ಕರೆಯುವವರು

ಪುತ್ರಶೋಕ ನಿರಂತರ ಎಂಬ ಮಾತು ನಮ್ಮ ನಾಡಿನಲ್ಲಿ ಬಲು ಹಳೆಯದು. ಮಗುವನ್ನು ಕಳೆದುಕೊಂಡ ಮನೆಗೆ ಬಂದವರು ಒಮ್ಮೆಯಾದರೂ ಈ ಮಾತನ್ನಾಡಿ ನಿಟ್ಟುಸಿರು ಬಿಡುತ್ತಾರೆ. ವಿಚಿತ್ರವೆಂದರೆ, ಹಾಗೆ ಹೇಳಿದವರೇ ಮೂವತ್ತನೆಯ ದಿನದ ಪೂಜೆ ಮುಗಿಯುತ್ತಲೇ ಆ ನಿರಂತರವಾದ ಶೋಕವೂ ಮುಗಿದಿರಬೇಕೆಂದು ನಿರೀಕ್ಷಿಸುತ್ತಾರೆ. ಇದನ್ನು ಕಲ್ಲೆದೆ ಎಂದು ನಾನು ಕರೆಯುವುದಿಲ್ಲ. ಮಗುವಿನ ಸಾವಿನ ಮುಂದೆ ಬಹಳ ಹೊತ್ತು ನಿಲ್ಲುವ ಧೈರ್ಯ ಯಾರಿಗೂ ಇರುವುದಿಲ್ಲ. ತಮ್ಮ ತಮ್ಮ ಮಕ್ಕಳ ಮುಖ ಕಣ್ಣಮುಂದೆ ಬಂದು ಅವರು ಬೇಗನೆ ಬಾಗಿಲ ಕಡೆಗೆ ತಿರುಗುತ್ತಾರೆ.

ಸಕಲೇಶಪುರದ ಕಡೆಯ ಒಂದು ಸಣ್ಣ ಧರ್ಮಕೇಂದ್ರ ನಮ್ಮದು. ನಾನು ಪ್ರಾಥಮಿಕ ಶಾಲೆಯ ಶಿಕ್ಷಕಿ, ನಮ್ಮ ಮನೆಯವರು ಸಹಕಾರ ಸಂಘದಲ್ಲಿ ಗುಮಾಸ್ತರು. 2013ರ ಜುಲೈ ತಿಂಗಳಲ್ಲಿ ಡೆಂಗ್ಯೂ ಜ್ವರ ಬಂದು ಐದೇ ದಿನಗಳಲ್ಲಿ ನಮ್ಮ ಮಗ ತೀರಿಕೊಂಡ. ಆಗ ಅವನಿಗೆ ಒಂಬತ್ತು ವರ್ಷ. ಅವನ ಜ್ಞಾನಸ್ನಾನದ ಹೆಸರು ಮನೆಯೊಳಗೇ ಇರಲಿ. ನಾವೆಲ್ಲರೂ ಕರೆಯುತ್ತಿದ್ದುದು ಪುಟ್ಟ ಎಂದು. ಅವನು ನಾಲ್ಕನೆಯ ತರಗತಿಯಲ್ಲಿದ್ದ. ನಾನು ಕಲಿಸುವುದೂ ನಾಲ್ಕನೆಯ ತರಗತಿಗೆ. ಪ್ರತಿ ಜೂನ್ ತಿಂಗಳಲ್ಲಿ ಒಂಬತ್ತು ವರ್ಷದ ಮಕ್ಕಳ ಹೊಸ ಸಾಲೊಂದು ನನ್ನ ಮುಂದೆ ಬಂದು ಕುಳಿತುಕೊಳ್ಳುತ್ತದೆ. ಆ ಮಕ್ಕಳು ಬೆಳೆದು ಐದನೆಯ ತರಗತಿಗೆ ಹೋಗುತ್ತಾರೆ. ಪುಟ್ಟ ಮಾತ್ರ ಅಲ್ಲಿಯೇ ಇದ್ದಾನೆ.

ಮಣ್ಣು ಮಾಡಿದ ದಿನ ಇಡೀ ಊರೇ ನಮ್ಮೊಂದಿಗಿತ್ತು. ಸುರಿಯುವ ಮಳೆಯಲ್ಲಿ ತೋಟದ ಆಳುಗಳು, ಬೇರೆ ಧರ್ಮದ ನೆರೆಹೊರೆಯವರು, ಶಾಲೆಯ ಮಕ್ಕಳು ಎಲ್ಲರೂ ಬಂದರು. ಒಂಬತ್ತು ದಿನ ಮನೆಯಲ್ಲಿ ಜಪಮಾಲೆ ನಡೆಯಿತು. ಅಡುಗೆ ಮನೆಯ ಒಲೆ ಹಚ್ಚಲು ಯಾರೂ ಬಿಡಲಿಲ್ಲ. ಹೊತ್ತು ಹೊತ್ತಿಗೆ ಯಾರದೋ ಮನೆಯಿಂದ ಗಂಜಿ, ಅನ್ನ, ಸಾರು ಬರುತ್ತಿತ್ತು. ನಮ್ಮ ಧರ್ಮಕೇಂದ್ರದ ಕುಟುಂಬಗಳ ಈ ಋಣವನ್ನು ನಾನು ಮರೆತಿಲ್ಲ. ನಾನು ಹೇಳಹೊರಟಿರುವುದು ಅದರ ನಂತರದ ದಿನಗಳ ಸಂಗತಿ. ಮೂವತ್ತನೆಯ ದಿನ ಕಳೆದ ಮೇಲೆ ಜನ ಎದುರಿಗೆ ಸಿಕ್ಕಾಗ ಮಳೆಯ ವಿಷಯ ಮಾತನಾಡಿದರು, ಕಾಫಿಯ ಬೆಲೆಯ ವಿಷಯ ಮಾತನಾಡಿದರು, ಪುಟ್ಟನ ವಿಷಯ ಮಾತ್ರ ಯಾರೂ ಎತ್ತಲಿಲ್ಲ. ನಾನು ಸಂತೆಯಲ್ಲಿ ಒಂದು ಸಾಲಿಗೆ ಹೋದರೆ ಅವನ ಸ್ನೇಹಿತರ ತಾಯಂದಿರು ಇನ್ನೊಂದು ಸಾಲಿಗೆ ಹೋದರು. ಜ್ಞಾನಸ್ನಾನದ ಮನೆಗಳಿಗೆ ಕರೆಯಲು ಬಂದವರು, ‘ನಿಮಗೆ ಬೇಸರವಾಗುವುದಾದರೆ ಬರಬೇಡಿ ಟೀಚರಮ್ಮ’ ಎಂದು ಹೊಸ್ತಿಲಲ್ಲೇ ಹೇಳಿ ಹೋದರು. ದೇವರು ತನ್ನ ತೋಟಕ್ಕೆ ಒಳ್ಳೆಯ ಹೂವನ್ನೇ ಆರಿಸಿಕೊಳ್ಳುತ್ತಾನೆ ಎಂದರು ಕೆಲವರು. ಮಗಳೊಬ್ಬಳು ಇದ್ದಾಳಲ್ಲ ಎಂದರು ಇನ್ನು ಕೆಲವರು, ಹದಿಮೂರು ವರ್ಷದ ಆ ಮಗಳು ಪಕ್ಕದಲ್ಲೇ ನಿಂತು ಕೇಳಿಸಿಕೊಳ್ಳುತ್ತಿರುವಾಗ.

ಈ ದಿನಗಳಲ್ಲಿ ನಾನು ಮತ್ತೆ ಮತ್ತೆ ಓದಿದ್ದು ಯೋಬನ ಗ್ರಂಥವನ್ನು. ಒಂದೇ ದಿನದಲ್ಲಿ ಏಳು ಗಂಡುಮಕ್ಕಳನ್ನೂ ಮೂರು ಹೆಣ್ಣುಮಕ್ಕಳನ್ನೂ ಕಳೆದುಕೊಂಡವನು ಯೋಬ. ಮೂವರು ಗೆಳೆಯರು ದೂರದೂರುಗಳಿಂದ ಬಂದು, ಏಳು ಹಗಲು ಏಳು ರಾತ್ರಿ ಒಂದು ಮಾತೂ ಆಡದೆ ಅವನೊಂದಿಗೆ ನೆಲದ ಮೇಲೆ ಕುಳಿತರು. ಅವರು ಮಾಡಿದ ಒಳ್ಳೆಯ ಕೆಲಸ ಅದೊಂದೇ. ಬಾಯಿ ತೆರೆದ ಮೇಲೆ ಎಲ್ಲವೂ ಕೆಟ್ಟಿತು. ಇದನ್ನು ಪ್ರಸಂಗಗಳಲ್ಲಿ ನಾವು ಕೇಳಿದ್ದೇವೆ. ಆದರೆ ಪ್ರಿಯ ಓದುಗರೇ, ಯೋಬನ ಹೆಂಡತಿಯ ಬಳಿಗೆ ಯಾರು ಬಂದರು? ಸತ್ತ ಆ ಹತ್ತು ಮಕ್ಕಳನ್ನು ಹೆತ್ತವಳು ಅವಳು. ಇಡೀ ಗ್ರಂಥದಲ್ಲಿ ಅವಳಿಗಿರುವುದು ಒಂದೇ ಒಂದು ಮಾತು, ಅದೂ ಸಂಕಟದ ಕಹಿ ಮಾತು, ಅದಕ್ಕೆ ಸಿಕ್ಕಿದ್ದು ಗದರಿಕೆ. ಅವಳ ಪಕ್ಕದಲ್ಲಿ ನೆಲದ ಮೇಲೆ ಕುಳಿತ ಒಬ್ಬ ಹೆಂಗಸಿನ ಹೆಸರೂ ಅಲ್ಲಿಲ್ಲ. ಕುಳಿತವರು ಇದ್ದಿದ್ದರೆ ಅವಳ ಎರಡನೆಯ ಮಾತು ಏನಾಗಿರುತ್ತಿತ್ತು ಎಂದು ನಾನು ಎಷ್ಟೋ ರಾತ್ರಿ ಯೋಚಿಸಿದ್ದೇನೆ.

ನನ್ನ ಪಕ್ಕದಲ್ಲಿ ಕುಳಿತವಳು ಒಬ್ಬ ಹೂ ಮಾರುವ ಅಕ್ಕ. ಅದೇ ವರ್ಷದ ನವೆಂಬರ್ 2, ಸಕಲ ಮೃತರ ಸ್ಮರಣೆಯ ದಿನ. ಸಮಾಧಿ ಭೂಮಿಯಲ್ಲಿ ಎಲ್ಲರೂ ಕಳೆ ಕಿತ್ತು, ಸುಣ್ಣ ಬಳಿದು, ಹೂವಿಟ್ಟು ಮೇಣದ ಬತ್ತಿ ಹಚ್ಚುತ್ತಿದ್ದರು. ಪಕ್ಕದ ಸಣ್ಣ ಸಮಾಧಿಯೊಂದಕ್ಕೆ ಸೇವಂತಿಗೆ ಸುರಿಯುತ್ತಿದ್ದ ಆಕೆ ತಲೆಯೆತ್ತಿ ನೋಡಿ, ‘ನಿಮ್ಮ ಪುಟ್ಟನಿಗೆ ಏನು ತಿನ್ನುವುದೆಂದರೆ ಇಷ್ಟ, ಟೀಚರಮ್ಮ?’ ಎಂದು ಕೇಳಿದಳು. ಇಷ್ಟವಿತ್ತು ಎನ್ನಲಿಲ್ಲ, ಇಷ್ಟ ಎಂದಳು. ನಾಲ್ಕು ತಿಂಗಳಿಂದ ಯಾರೂ ನನ್ನನ್ನು ಅಂಥ ಪ್ರಶ್ನೆ ಕೇಳಿರಲಿಲ್ಲ. ಹಲಸಿನ ಹಪ್ಪಳ ಎಂದೆ. ‘ನನ್ನ ಮಗಳಿಗೆ ಬೇಯಿಸಿದ ಗೆಣಸು’ ಎಂದು ಹೇಳಿ ಆಕೆ ಕೈಯೊರೆಸಿಕೊಂಡು ನನ್ನ ಪಕ್ಕಕ್ಕೆ ಬಂದಳು. ಆ ಮಗಳು ತೀರಿಕೊಂಡು ಆಗಲೇ ಹದಿನೈದು ವರ್ಷವಾಗಿತ್ತು. ನಾವು ಕತ್ತಲಾಗುವವರೆಗೆ ಅಲ್ಲಿಯೇ ಕುಳಿತಿದ್ದೆವು. ಆಕೆ ನನಗೆ ಯಾವ ಸಮಾಧಾನವನ್ನೂ ಹೇಳಲಿಲ್ಲ. ಮಗುವಿನ ಬಟ್ಟೆಗಳನ್ನು ಯಾರಿಗಾದರೂ ಕೊಟ್ಟುಬಿಡಿ ಎಂದು ಎಲ್ಲರೂ ಹೇಳುತ್ತಿದ್ದಾರಲ್ಲ, ಏನು ಮಾಡಲಿ ಎಂದು ನಾನು ಕೇಳಿದಾಗ, ‘ನಿಮಗೆ ಯಾವಾಗ ಬೇಕೋ ಆವಾಗ ಕೊಡಿ. ನಾನು ಒಂದು ಲಂಗ ಇನ್ನೂ ಇಟ್ಟುಕೊಂಡಿದ್ದೇನೆ’ ಎಂದಷ್ಟೇ ಹೇಳಿದಳು. ಹದಿನೈದು ವರ್ಷ ಕಳೆದರೂ ಬದುಕಿ, ಹೂ ಕಟ್ಟಿ, ನಗುತ್ತಲೂ ಇರುವ ಒಬ್ಬಾಕೆ, ಒಂದು ಲಂಗವನ್ನು ಪೆಟ್ಟಿಗೆಯಲ್ಲಿ ಇಟ್ಟುಕೊಂಡೇ ಅಷ್ಟು ದೂರ ಬಂದಿದ್ದಾಳೆ ಎಂಬುದು ನನಗೆ ಅಂದು ತಿಳಿಯಿತು. ಪುಸ್ತಕಗಳಾಗಲಿ ಪ್ರಸಂಗಗಳಾಗಲಿ ಅದನ್ನು ನನಗೆ ತಿಳಿಸಲಾರದೆ ಹೋಗಿದ್ದವು.

ಹಿಂದಿನ ಕಾಲದಲ್ಲಿ ಇಂಥ ಅಕ್ಕಂದಿರನ್ನು ಹುಡುಕಿಕೊಂಡು ಹೋಗಬೇಕಾಗಿರಲಿಲ್ಲ. 1971ರಲ್ಲಿ ನಮ್ಮ ದೇಶದಲ್ಲಿ ಹುಟ್ಟಿದ ಪ್ರತಿ 1,000 ಶಿಶುಗಳಲ್ಲಿ 129 ಶಿಶುಗಳು ವರ್ಷ ತುಂಬುವ ಮೊದಲೇ ತೀರಿಕೊಳ್ಳುತ್ತಿದ್ದವೆಂದು ಸರ್ಕಾರದ ಲೆಕ್ಕ ಹೇಳುತ್ತದೆ. 2020ರ ಲೆಕ್ಕದಲ್ಲಿ ಅದು 28ಕ್ಕೆ ಇಳಿದಿದೆ. ದೇವರಿಗೆ ಸ್ತೋತ್ರ. ಆದರೆ ನನ್ನ ಅಜ್ಜಿಯ ಕಾಲದಲ್ಲಿ ಬಾವಿಕಟ್ಟೆಯ ಬಳಿ ನೀರು ಸೇದಲು ಬಂದ ಹತ್ತು ಹೆಂಗಸರಲ್ಲಿ ನಾಲ್ಕೈದು ಮಂದಿ ಮಗುವನ್ನು ಮಣ್ಣಿಗೆ ಕೊಟ್ಟವರೇ ಆಗಿರುತ್ತಿದ್ದರಂತೆ. ಹೊಸದಾಗಿ ಆ ದುಃಖಕ್ಕೆ ಒಳಗಾದವಳ ಕೊಡವನ್ನು ಇನ್ನೊಬ್ಬಳು ಎತ್ತಿಕೊಡುತ್ತಿದ್ದಳು. ಅವಳಿಗೆ ವಿವರಿಸಿ ಹೇಳಬೇಕಾದ್ದೇನೂ ಇರುತ್ತಿರಲಿಲ್ಲ. ಇಂದು ಮಕ್ಕಳ ಸಾವು ಅಪರೂಪವಾಗಿದೆ. ಅಪರೂಪವಾದ ಕಾರಣದಿಂದಲೇ ಅದಕ್ಕೆ ಒಳಗಾದ ತಂದೆತಾಯಂದಿರು ಹಿಂದೆಂದಿಗಿಂತ ಒಂಟಿಯಾಗಿದ್ದಾರೆ.

ಒಂಟಿಯಾದವರು ಒಬ್ಬರನ್ನೊಬ್ಬರು ಕಂಡುಕೊಂಡ ಬಗೆಯೊಂದನ್ನು ನಮ್ಮ ಆಗಿನ ಧರ್ಮಕೇಂದ್ರದ ಗುರುಗಳು ನನಗೆ ಹೇಳಿದರು. 1968ರಲ್ಲಿ ಇಂಗ್ಲೆಂಡಿನ ಕವೆಂಟ್ರಿ ನಗರದ ಒಂದೇ ಆಸ್ಪತ್ರೆಯಲ್ಲಿ ಇಬ್ಬರು ಹುಡುಗರು ಕೆಲವೇ ದಿನಗಳ ಅಂತರದಲ್ಲಿ ಸತ್ತರು. ಒಬ್ಬ ಶಾಲೆಗೆ ಹೋಗುವ ದಾರಿಯಲ್ಲಿ ವಾಹನ ಬಡಿದು ಗಾಯಗೊಂಡವನು, ಇನ್ನೊಬ್ಬ ಕ್ಯಾನ್ಸರ್ ರೋಗಿ. ಆಸ್ಪತ್ರೆಯ ಆತ್ಮಿಕ ಸೇವೆಯಲ್ಲಿದ್ದ ಸೈಮನ್ ಸ್ಟೀಫನ್ಸ್ ಎಂಬ ಯುವ ಆಂಗ್ಲಿಕನ್ ಗುರುಗಳು ಎರಡೂ ಮನೆಯವರನ್ನು ಕಂಡು ಸಾಂತ್ವನ ಹೇಳುತ್ತಿದ್ದರು. ಒಂದು ಮನೆಯವರು ಇನ್ನೊಂದು ಮನೆಯ ಹುಡುಗನ ಅಂತ್ಯಕ್ರಿಯೆಗೆ ಹೂ ಕಳುಹಿಸಿದರು. ಪರಿಚಯ ಬೆಳೆಯಿತು, ಎರಡು ಜೋಡಿ ತಂದೆತಾಯಂದಿರು ಭೇಟಿಯಾಗಿ ತಮ್ಮ ತಮ್ಮ ಹುಡುಗರ ಬಗ್ಗೆ ಮಾತನಾಡತೊಡಗಿದರು. ತಾವು ಕೊಡಲಾರದ ಏನನ್ನೋ ಅವರು ಒಬ್ಬರಿಗೊಬ್ಬರು ಕೊಡುತ್ತಿರುವುದನ್ನು ಆ ಗುರುಗಳು ಗಮನಿಸಿದರು. ದೊಡ್ಡ ಮಾತು ಅದು. ಎಷ್ಟು ಜನ ಗುರುಗಳು, ವೈದ್ಯರು, ಶಿಕ್ಷಕರು ಅದನ್ನು ಗಮನಿಸಿಯೂ ಒಪ್ಪಿಕೊಳ್ಳುತ್ತಾರೆ? 1969ರ ಜನವರಿಯಲ್ಲಿ ಅವರೆಲ್ಲ ಸೇರಿ ಒಂದು ಕೂಟವನ್ನು ಕಟ್ಟಿದರು. ಅದೇ ‘ದಿ ಕಂಪ್ಯಾಷನೇಟ್ ಫ್ರೆಂಡ್ಸ್’, ಅಂದರೆ ಕನಿಕರವುಳ್ಳ ಗೆಳೆಯರು. 1972ರಲ್ಲಿ ಅದು ಅಮೆರಿಕಕ್ಕೆ ಹೋಯಿತು, ಇಂದು ಹಲವಾರು ದೇಶಗಳಲ್ಲಿ ಇದೆ. ಯಾವ ಧರ್ಮಕ್ಕೂ ಸೇರಿದ ಸಂಸ್ಥೆಯಲ್ಲ ಅದು. ಮಗುವನ್ನು ಕಳೆದುಕೊಂಡಿರುವುದೇ ಅಲ್ಲಿಯ ಸದಸ್ಯತ್ವ.

ಈ ಸಂಗತಿಯನ್ನು ಹೇಳಿ ಮುಗಿಸಿದ ಗುರುಗಳು, ‘ನಮ್ಮಲ್ಲಿ ತರುಣರಿಗೆ ಸಂಘವಿದೆ, ತಾಯಂದಿರಿಗೆ ಸಂಘವಿದೆ, ಗಾಯಕವೃಂದವಿದೆ, ಸಂತ ವಿನ್ಸೆಂಟ್ ದೆ ಪಾಲರ ಸಭೆಯಿದೆ. ನಿಮಗೆ ಮಾತ್ರ ಒಂದು ಬೆಂಚೂ ಇಲ್ಲ’ ಎಂದರು. 2016ರ ತಪಸ್ಸು ಕಾಲದಲ್ಲಿ ಕನ್ಯಾಮಠದ ಸಹೋದರಿಯರು ತಮ್ಮ ಅತಿಥಿ ಕೋಣೆಯನ್ನು ಎರಡನೆಯ ಶನಿವಾರದ ಸಂಜೆಗಳಿಗೆ ಬಿಟ್ಟುಕೊಟ್ಟರು. ಮೊದಲ ದಿನ ಬಂದವರು ಹೂ ಮಾರುವ ಅಕ್ಕ, ನಾನು ಮತ್ತು ಕ್ಯಾನ್ಸರಿನಿಂದ ಮಗನನ್ನು ಕಳೆದುಕೊಂಡಿದ್ದ ಒಬ್ಬ ದರ್ಜಿ ಹೆಂಗಸು. ಗುರುಗಳು ಅರ್ಧ ಗಂಟೆ ನಮ್ಮೊಂದಿಗೆ ಕುಳಿತಿದ್ದು, ‘ನಾನಿದ್ದರೆ ನೀವು ನನಗೆ ಹಿತವಾಗುವ ಮಾತುಗಳನ್ನೇ ಆಡುತ್ತೀರಿ. ಕೊನೆಯಲ್ಲಿ ಬಂದು ಆಶೀರ್ವಾದ ಕೊಡುತ್ತೇನೆ’ ಎಂದು ಎದ್ದು ಹೋದರು.

ಆ ಕೂಟಕ್ಕೆ ಇಂದಿಗೂ ಹೆಸರಿಲ್ಲ, ಚಂದಾ ಇಲ್ಲ, ಅಧ್ಯಕ್ಷರಿಲ್ಲ. ನಮ್ಮ ಧರ್ಮಕೇಂದ್ರದಲ್ಲಿ ಅಧ್ಯಕ್ಷರಿಲ್ಲದ ಸಂಘ ಅದೊಂದೇ ಇರಬೇಕು! ಬಂದವರು ತಮ್ಮ ಮಗುವಿನ ಹೆಸರು ಹೇಳುತ್ತಾರೆ. ಬೇಕಾದರೆ ಮುಂದೆ ಮಾತನಾಡುತ್ತಾರೆ, ಬೇಡವಾದರೆ ಸುಮ್ಮನೆ ಕುಳಿತಿರುತ್ತಾರೆ. ಒಬ್ಬರ ದುಃಖವನ್ನು ಇನ್ನೊಬ್ಬರ ದುಃಖದೊಂದಿಗೆ ತೂಗಿ ನೋಡುವುದನ್ನು ನಾವು ಬಿಟ್ಟಿದ್ದೇವೆ. ಆರು ತಿಂಗಳ ಕೂಸು ಹೋದದ್ದು ಹೆಚ್ಚೋ ಇಪ್ಪತ್ತು ವರ್ಷದ ಮಗ ಹೋದದ್ದು ಹೆಚ್ಚೋ ಎಂಬ ಪ್ರಶ್ನೆಗೆ ಆ ಕೋಣೆಯಲ್ಲಿ ಜಾಗವಿಲ್ಲ. ಇದೆಲ್ಲ ಏಕಾಯಿತೆಂಬುದಕ್ಕೆ ದೇವರ ಪರವಾಗಿ ಉತ್ತರ ಕೊಡಲು ಯಾರೂ ಮುಂದಾಗುವುದಿಲ್ಲ. ಒಂದು ದಿನ ಮುಂಚೆ ಆಸ್ಪತ್ರೆಗೆ ಒಯ್ದಿದ್ದರೆ, ಆ ದಿನ ಬೈಕು ಕೊಡದೆ ಇದ್ದಿದ್ದರೆ ಎಂಬ ಮಾತು ಬಂದಾಗ, ಹೊರಗಿನವರಂತೆ ‘ಹಾಗೆಲ್ಲ ಯೋಚಿಸಬೇಡಿ’ ಎಂದು ಅಲ್ಲಿ ಯಾರೂ ಬಾಯಿ ಮುಚ್ಚಿಸುವುದಿಲ್ಲ. ಅದನ್ನು ಹತ್ತು ಸಲ ಕೇಳಿಸಿಕೊಳ್ಳುತ್ತಾರೆ. ಹನ್ನೊಂದನೆಯ ಸಲ ಹೇಳುವವರೇ ಅದನ್ನು ಸ್ವಲ್ಪ ಮೆಲ್ಲಗೆ ಹೇಳುತ್ತಾರೆ.

ಗಂಡಸರ ವಿಷಯ ಬೇರೆ. ‘ನೀವೇ ಹೀಗಾದರೆ ಅವರನ್ನು ನೋಡಿಕೊಳ್ಳುವವರು ಯಾರು?’ ಎಂದು ಮೊದಲ ದಿನವೇ ನಮ್ಮ ಮನೆಯವರಿಗೆ ನಾಲ್ಕಾರು ಜನ ಹೇಳಿದ್ದರು. ಅವರು ಆ ಮಾತಿಗೆ ಕಟ್ಟುಬಿದ್ದು ಮೂರು ವರ್ಷ ಕಣ್ಣೀರು ಹಾಕಿದ್ದನ್ನು ನಾನು ಕಾಣಲಿಲ್ಲ. ಕೂಟದ ದಿನ ನನ್ನನ್ನು ಕನ್ಯಾಮಠದ ಗೇಟಿನವರೆಗೆ ಬಿಟ್ಟು ಅಲ್ಲಿಯೇ ಸ್ಕೂಟರಿನ ಮೇಲೆ ಕುಳಿತಿರುತ್ತಿದ್ದರು. ಅವರ ಜೊತೆಗೆ ಕೂಟ ಮಾಡಿದವರು ನಮ್ಮೂರಿನ ಬಡಗಿ. ಧರ್ಮಕೇಂದ್ರದಲ್ಲಿ ಯಾರು ತೀರಿಕೊಂಡರೂ ಪೆಟ್ಟಿಗೆ ಮಾಡುವವರು ಅವರೇ. 2011ರಲ್ಲಿ ರಸ್ತೆ ಅಪಘಾತದಲ್ಲಿ ತೀರಿಹೋದ ತಮ್ಮ ಹತ್ತೊಂಬತ್ತು ವರ್ಷದ ಮಗನ ಪೆಟ್ಟಿಗೆಯನ್ನೂ ತಾವೇ ಮಾಡಿದವರು. ಒಂದು ದಿನ ಅವರು ನಮ್ಮ ಮನೆಯ ಕಿಟಕಿಯ ಬಾಗಿಲು ಸರಿಪಡಿಸಲು ಬಂದಿದ್ದರು. ಅಳತೆ ಹಿಡಿಯುತ್ತಾ, ‘ಸಾರ್, ಪುಟ್ಟ ನಾಲ್ಕು ಅಡಿ ಎರಡು ಇಂಚು. ನನಗೆ ಮರೆತಿಲ್ಲ’ ಎಂದರು. ನಮ್ಮ ಮನೆಯವರು ಕೈಯಲ್ಲಿದ್ದ ಮೊಳೆಗಳ ಡಬ್ಬಿಯನ್ನು ಕೆಳಗಿಟ್ಟು ಅಲ್ಲಿಯೇ ಜಗಲಿಯ ಮೇಲೆ ಕುಳಿತುಬಿಟ್ಟರು. ನಾನು ಒಳಗೆ ಸರಿದೆ. ಆ ಸಂಜೆ ಕಿಟಕಿಯ ಕೆಲಸ ಮುಗಿಯಲಿಲ್ಲ. ಆಮೇಲೆ ಎರಡು ವಾರ ಅದು ಹಾಗೆಯೇ ಒಂದು ಕೀಲಿನ ಮೇಲೆ ನೇತಾಡುತ್ತಿತ್ತು. ಬಡಗಿಯೂ ಅವರೂ ಸೇರಿ ಸಮಾಧಿ ಭೂಮಿಯ ಮುರಿದ ಬೆಂಚುಗಳನ್ನೆಲ್ಲ ದುರಸ್ತಿ ಮಾಡಿದರು. ಆ ಕೆಲಸದ ನಡುವೆ ಅವರು ಏನು ಮಾತನಾಡಿಕೊಂಡರೋ ನನಗೆ ಗೊತ್ತಿಲ್ಲ, ನಾನು ಕೇಳಲೂ ಇಲ್ಲ. ಮನೆಯಲ್ಲಿ ಊಟದ ಹೊತ್ತಿಗೆ ಪುಟ್ಟನ ಹೆಸರು ಮತ್ತೆ ಕೇಳಿಬರತೊಡಗಿತು. ನಮ್ಮ ಮಗಳೂ ತಮ್ಮನ ಚೇಷ್ಟೆಗಳನ್ನು ಹೇಳತೊಡಗಿದಳು. ಅಷ್ಟು ವರ್ಷ ಅವಳು ನಮ್ಮಿಬ್ಬರನ್ನು ನೋಯಿಸಬಾರದೆಂದು ಸುಮ್ಮನಿದ್ದಳಂತೆ.

2018ರ ಒಂದು ಶನಿವಾರ ಕೆಳಗಿನ ಲೈನಿನ ಅಜ್ಜಿಯೊಬ್ಬರು ಕೂಟಕ್ಕೆ ಬಂದರು. ಸೊಸೆಯನ್ನು ಕರೆದುಕೊಂಡು ಹೋಗಲು ಬಂದಿರಬೇಕೆಂದು ನಾವು ಭಾವಿಸಿದೆವು. ಅವರು ಕುಳಿತು, ಬಹಳ ಹೊತ್ತಿನ ಮೇಲೆ, 1962ರಲ್ಲಿ ಹುಟ್ಟಿ ಒಂದು ಗಂಟೆಯೂ ಬದುಕದ ತಮ್ಮ ಚೊಚ್ಚಲ ಕೂಸಿನ ಸುದ್ದಿ ಎತ್ತಿದರು. ಆಗ ಅವರಿಗೆ ಹದಿನೆಂಟು ವರ್ಷ. ತೋಟದ ಲೈನಿನಿಂದ ದೇವಾಲಯಕ್ಕೆ ಹತ್ತು ಮೈಲಿ, ಜಡಿಮಳೆ. ಉಪದೇಶಿ ಬರುವಷ್ಟರಲ್ಲಿ ಕೂಸು ತಣ್ಣಗಾಗಿತ್ತು. ಜ್ಞಾನಸ್ನಾನ ಆಗದ ಕೂಸೆಂದು ಸಮಾಧಿ ಭೂಮಿಯ ಬೇಲಿಯ ಆಚೆ ಮಣ್ಣು ಮಾಡಿದರು. ಆಪತ್ತಿನಲ್ಲಿ ಯಾರು ಬೇಕಾದರೂ ನೀರೆರೆಯಬಹುದಿತ್ತಲ್ಲ, ನೀನೇಕೆ ಎರೆಯಲಿಲ್ಲ ಎಂದು ಬಂಧುವೊಬ್ಬರು ಆ ಬಾಣಂತಿಯನ್ನು ಕೇಳಿದ್ದರಂತೆ. ಐವತ್ತಾರು ವರ್ಷ ಅವರು ಆ ಪ್ರಶ್ನೆಯನ್ನು ಹೊತ್ತುಕೊಂಡಿದ್ದರು. ಆಮೇಲೆ ಹುಟ್ಟಿದ ಐದು ಮಕ್ಕಳಿಗೂ ತಮಗೊಬ್ಬ ಅಣ್ಣನಿದ್ದನೆಂದು ತಿಳಿದಿರಲಿಲ್ಲ.

ಅದೇ ಸಂಜೆ ಬಾಗಿಲ ಬಳಿಯ ಕುರ್ಚಿಯ ತುದಿಯಲ್ಲಿ ಒಬ್ಬ ತಂದೆ ಕುಳಿತಿದ್ದರು. ಹದಿನೇಳು ವರ್ಷದ ಅವರ ಮಗ ಪಿಯುಸಿ ಫಲಿತಾಂಶ ಬಂದ ವಾರ ತನ್ನ ಜೀವವನ್ನು ತಾನೇ ತೆಗೆದುಕೊಂಡಿದ್ದ. ಅವರು ಎರಡು ತಿಂಗಳಿಂದ ಬರುತ್ತಿದ್ದರೂ ಹೆಸರು ಹೇಳಿರಲಿಲ್ಲ. ಅಜ್ಜಿಯ ಮಾತು ಮುಗಿದ ಮೇಲೆ, ‘ನನ್ನ ಮಗನನ್ನೂ ಬೇಲಿಯ ಆಚೆಯವನೆಂದೇ ಜನ ನೋಡುತ್ತಾರೆ. ಇಲ್ಲಿ ಅವನ ಹೆಸರು ಹೇಳಬಹುದೇ?’ ಎಂದು ಕೇಳಿದರು. ಅಜ್ಜಿ ತಮ್ಮ ಪಕ್ಕದ ಕುರ್ಚಿಯ ಮೇಲಿದ್ದ ಚೀಲವನ್ನು ತೆಗೆದು ಕೆಳಗಿಟ್ಟರು. ‘ಬಾ ಮಗ’ ಎಂದರು.

ಆ ತಿಂಗಳ ಕೊನೆಯಲ್ಲಿ ಗುರುಗಳು ಈ ಎರಡು ಸಂಗತಿಗಳ ಬಗ್ಗೆ ಧರ್ಮಸಭೆಯ ಇಂದಿನ ಬೋಧನೆಯನ್ನು ಬಲಿಪೂಜೆಯಲ್ಲಿ ವಿವರಿಸಿದರು. ನಮ್ಮ ಕುಟುಂಬಗಳಲ್ಲಿ ಹಲವರಿಗೆ ಇದು ಇನ್ನೂ ತಿಳಿದಿಲ್ಲವಾದ್ದರಿಂದ ಇಲ್ಲಿ ಬರೆಯುತ್ತೇನೆ. ಜ್ಞಾನಸ್ನಾನವಿಲ್ಲದೆ ಸತ್ತ ಶಿಶುಗಳನ್ನು ದೇವರ ಕರುಣೆಗೆ ಒಪ್ಪಿಸಬೇಕೆಂದೂ ಅವರ ರಕ್ಷಣೆಗೆ ದಾರಿಯಿದೆಯೆಂದು ನಾವು ಭರವಸೆಯಿಡಬಹುದೆಂದೂ 1992ರ ಕಥೋಲಿಕ ಧರ್ಮೋಪದೇಶ ಗ್ರಂಥ ಕಲಿಸುತ್ತದೆ. ಜಗದ್ಗುರು ಹದಿನಾರನೆಯ ಬೆನೆಡಿಕ್ಟರ ಒಪ್ಪಿಗೆಯೊಂದಿಗೆ 2007ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ದೈವಶಾಸ್ತ್ರ ಆಯೋಗದ ಪತ್ರವೂ ಈ ಭರವಸೆಗೆ ಬಲವಾದ ಆಧಾರಗಳಿವೆಯೆಂದು ಹೇಳಿತು. ತಂದೆತಾಯಂದಿರು ಜ್ಞಾನಸ್ನಾನ ಕೊಡಿಸಬೇಕೆಂದಿದ್ದು ಅಷ್ಟರಲ್ಲಿ ತೀರಿಹೋದ ಮಗುವಿಗೆ ಧರ್ಮಸಭೆಯ ಅಂತ್ಯಕ್ರಿಯೆ ನಡೆಸಲು ಧರ್ಮಾಧ್ಯಕ್ಷರು ಅನುಮತಿ ಕೊಡಬಹುದೆಂದು 1983ರ ಧರ್ಮಸಭೆಯ ಕಾನೂನಿನಲ್ಲಿಯೇ ಇದೆ. 1917ರ ಹಳೆಯ ಕಾನೂನು ಆತ್ಮಹತ್ಯೆ ಮಾಡಿಕೊಂಡವರಿಗೆ ಧರ್ಮಸಭೆಯ ಅಂತ್ಯಕ್ರಿಯೆಯನ್ನು ನಿರಾಕರಿಸಿತ್ತು. 1983ರ ಕಾನೂನಿನಲ್ಲಿ ಆ ನಿಷೇಧವಿಲ್ಲ. ತೀವ್ರವಾದ ಮನೋವ್ಯಥೆ ಮನುಷ್ಯನ ಹೊಣೆಯನ್ನು ಕಡಿಮೆ ಮಾಡಬಲ್ಲದೆಂದೂ, ಅಂಥವರ ರಕ್ಷಣೆಯ ಬಗ್ಗೆ ನಿರಾಶರಾಗಬಾರದೆಂದೂ, ಧರ್ಮಸಭೆ ಅವರಿಗಾಗಿ ಪ್ರಾರ್ಥಿಸುತ್ತದೆಂದೂ ಧರ್ಮೋಪದೇಶ ಗ್ರಂಥ ಸ್ಪಷ್ಟವಾಗಿ ಹೇಳುತ್ತದೆ. ಕಾನೂನು ಬೇಲಿಯನ್ನು ಕಿತ್ತು ನಾಲ್ಕು ದಶಕಗಳಾಗಿವೆ. ನಮ್ಮ ನಾಲಗೆಗಳು ಅದನ್ನು ಇನ್ನೂ ಕಾಯುತ್ತಿವೆ. ಅಜ್ಜಿ ತಮ್ಮ ಕೂಸಿಗೆ ಮನಸ್ಸಿನಲ್ಲಿಯೇ ಇಟ್ಟಿದ್ದ ಹೆಸರನ್ನು ಆಮೇಲೆ ಸಹೋದರಿಯೊಬ್ಬರ ಕಿವಿಯಲ್ಲಿ ಹೇಳಿದರು. ಸಹೋದರಿ ಅದನ್ನು ನಮ್ಮ ಮೃತರ ಪಟ್ಟಿಯಲ್ಲಿ ಬರೆದರು.

ಇಂಥ ಕೂಟದಲ್ಲಿ ಕುಳಿತು ಅಳುವುದು ವಿಶ್ವಾಸದ ಕೊರತೆ ಎಂದು ಹೇಳುವವರು ನಮ್ಮಲ್ಲಿದ್ದಾರೆ. ಪುನರುತ್ಥಾನವನ್ನು ನಂಬುವವರಿಗೆ ಇಷ್ಟು ವರ್ಷದ ಅಳು ಏಕೆ ಎಂದು ಒಬ್ಬ ಹಿರಿಯರು ನನ್ನನ್ನೇ ಕೇಳಿದ್ದಾರೆ. ಅವರಿಗೆ ಬಾಲಯೇಸುವಿನ ಸಂತ ತೆರೇಸಮ್ಮನವರ ತಾಯಿಯ ವಿಷಯ ಹೇಳಿದೆ. ಜೆಲಿ ಮಾರ್ಟಿನ್ ಒಂಬತ್ತು ಮಕ್ಕಳನ್ನು ಹೆತ್ತು, 1867ರಿಂದ 1870ರೊಳಗೆ ನಾಲ್ವರನ್ನು ಮಣ್ಣು ಮಾಡಿದವರು. ಅವರಲ್ಲಿ ಒಬ್ಬಳಿಗೆ ಐದು ವರ್ಷ, ಉಳಿದ ಮೂವರು ಹಸುಗೂಸುಗಳು. 1871ರಲ್ಲಿ ಅವರ ತಮ್ಮನ ಹೆಂಡತಿ ಕೂಸನ್ನು ಕಳೆದುಕೊಂಡಾಗ ಜೆಲಿ ಆಕೆಗೊಂದು ಪತ್ರ ಬರೆದರು. ಈ ಮಕ್ಕಳು ಹುಟ್ಟದೆಯೇ ಇದ್ದಿದ್ದರೆ ಚೆನ್ನಾಗಿತ್ತು ಎಂದು ತಮಗೆ ಹಲವರು ಹೇಳಿದರೆಂದೂ, ಅಂಥ ಮಾತನ್ನು ತಾವು ಸಹಿಸಲಾರೆವೆಂದೂ, ಆ ಮಕ್ಕಳಿಗಾಗಿ ಪಟ್ಟ ಯಾವ ಕಷ್ಟಕ್ಕೂ ತಮಗೆ ವಿಷಾದವಿಲ್ಲವೆಂದೂ ಅದರಲ್ಲಿ ತಿಳಿಸಿದರು. ಒಬ್ಬ ತಾಯಿ ಇನ್ನೊಬ್ಬ ತಾಯಿಗೆ ಬರೆದ ಕಾಗದ ಅದು. ನಾಲ್ವರನ್ನು ಕಳೆದುಕೊಂಡವಳ ಕೈಬರಹವಾದ್ದರಿಂದ ಅದಕ್ಕೆ ಬೆಲೆ. 2015ರ ಅಕ್ಟೋಬರ್ 18ರಂದು ಜಗದ್ಗುರು ಫ್ರಾನ್ಸಿಸರು ಜೆಲಿಯವರನ್ನೂ ಅವರ ಪತಿ ಲೂಯಿಯವರನ್ನೂ ಒಟ್ಟಿಗೆ ಸಂತ ಪದವಿಗೆ ಏರಿಸಿದರು. ಹಿರಿಯರು ಮುಂದೆ ಏನೂ ಹೇಳಲಿಲ್ಲ.

ವಿಶ್ವಾಸದ ಮಾತು ಬಂದದ್ದರಿಂದ ಇದನ್ನೂ ಹೇಳಬೇಕು. ಪುಟ್ಟ ತೀರಿಕೊಂಡ ಮೇಲೆ, ಪ್ರಭು ಕಲಿಸಿದ ಪ್ರಾರ್ಥನೆಯಲ್ಲಿ ದೇವರ ಚಿತ್ತದ ಸಾಲು ಬಂದಾಗ ನನ್ನ ಬಾಯಿ ತಾನಾಗಿಯೇ ಮುಚ್ಚಿಕೊಳ್ಳುತ್ತಿತ್ತು. ಕೂಟದಲ್ಲಿ ಒಮ್ಮೆ ಇದನ್ನು ಹೇಳಿದೆ. ದರ್ಜಿ ಅಕ್ಕ ಸೂಜಿಗೆ ದಾರ ಪೋಣಿಸುತ್ತಾ, ‘ನೀವು ಆ ಸಾಲಿಗೆ ಬಂದಾಗ ಸುಮ್ಮನಿರಿ. ನಿಮ್ಮ ಪರವಾಗಿ ನಾನು ಹೇಳುತ್ತೇನೆ’ ಎಂದಳು. ಮರುದಿನ ಭಾನುವಾರ ಆಕೆ ನನ್ನ ಪಕ್ಕಕ್ಕೇ ಬಂದು ನಿಂತು ಆ ಸಾಲನ್ನು ಸ್ವಲ್ಪ ಗಟ್ಟಿಯಾಗಿ ಹೇಳಿದಳು. ಮೂರು ವರ್ಷಕ್ಕೂ ಮೇಲೆ ಹೀಗೆಯೇ ನಡೆಯಿತು. ಈಗ ಆ ಸಾಲನ್ನು ನಾನೇ ಹೇಳುತ್ತೇನೆ. ಕೆಲವು ದಿನ ನನಗಾಗಿ, ಕೆಲವು ದಿನ ಪಕ್ಕದಲ್ಲಿ ಬಾಯಿ ಮುಚ್ಚಿ ನಿಂತಿರುವ ಇನ್ನೊಬ್ಬರಿಗಾಗಿ.

ಕೂಟವೊಂದೇ ಎಲ್ಲಕ್ಕೂ ಮದ್ದು ಎಂದು ಮಾತ್ರ ನಾನು ಹೇಳುವುದಿಲ್ಲ. ತಿಂಗಳುಗಟ್ಟಲೆ ನಿದ್ರೆ ಆಹಾರ ಬಿಟ್ಟವರನ್ನು, ಬದುಕೇ ಬೇಡವೆನ್ನುವವರನ್ನು ವೈದ್ಯರ ಬಳಿ ಕರೆದುಕೊಂಡು ಹೋಗಲೇಬೇಕು. ನಮ್ಮಲ್ಲಿ ಇಬ್ಬರನ್ನು ಹಾಗೆ ಕರೆದುಕೊಂಡು ಹೋದೆವು. ಕೇಂದ್ರ ಸರ್ಕಾರ 2022ರ ಅಕ್ಟೋಬರಿನಲ್ಲಿ ಆರಂಭಿಸಿದ ಟೆಲಿ ಮಾನಸ್ ಸೇವೆಯ 14416 ಎಂಬ ಸಂಖ್ಯೆಗೆ ಫೋನ್ ಮಾಡಿದರೆ ಹಣ ಖರ್ಚಿಲ್ಲದೆ ಕನ್ನಡದಲ್ಲಿಯೇ ಮಾತನಾಡಬಹುದು. 2020ರಲ್ಲಿ ಕೊರೋನಾ ಬಂದು ಕೂಟ ನಿಂತಾಗ, ನಾವು ಪ್ರತಿ ಎರಡನೆಯ ಶನಿವಾರ ಒಬ್ಬರಿಗೊಬ್ಬರು ಫೋನ್ ಮಾಡಿ ಮಕ್ಕಳ ಹೆಸರುಗಳನ್ನು ಹೇಳಿಕೊಂಡೆವು. ಬಾರದೆ ಉಳಿದವರೂ ಇದ್ದಾರೆ. ಒಬ್ಬ ತಾಯಿ ಒಂದೇ ದಿನ ಬಂದು, ಇಷ್ಟೊಂದು ಮಕ್ಕಳು ಸತ್ತಿದ್ದಾರೆಂದು ಕೇಳಲು ತನ್ನಿಂದಾಗದು ಎಂದು ಎದ್ದು ಹೋದರು. ಅವರಿಗೆ ಅವರ ದಾರಿಯಿದೆ. ಅವರ ಮಗಳ ಹುಟ್ಟಿದ ದಿನ ಹೂ ಮಾರುವ ಅಕ್ಕ ಈಗಲೂ ಅವರ ಮನೆಗೆ ಒಂದು ಮೊಳ ಮಲ್ಲಿಗೆ ಕೊಟ್ಟು ಬರುತ್ತಾಳೆ.

ಡಿಸೆಂಬರಿನ ಎರಡನೆಯ ಭಾನುವಾರ ಸಂಜೆ ಏಳು ಗಂಟೆಗೆ ಒಂದು ಗಂಟೆಯ ಕಾಲ, ತೀರಿಹೋದ ಮಕ್ಕಳ ನೆನಪಿಗಾಗಿ ಮೇಣದ ಬತ್ತಿ ಹಚ್ಚಿಡುವ ಪದ್ಧತಿಯನ್ನು ಆ ಕನಿಕರದ ಗೆಳೆಯರ ಕೂಟ 1997ರಲ್ಲಿ ಆರಂಭಿಸಿತು. ಆಯಾ ದೇಶದ ಏಳು ಗಂಟೆಗೆ ಹಚ್ಚುವುದರಿಂದ ಒಂದು ಕಡೆ ಬತ್ತಿ ಆರುವಾಗ ಪಶ್ಚಿಮದ ಇನ್ನೊಂದು ಕಡೆ ಹತ್ತಿಕೊಳ್ಳುತ್ತದೆ. ಬೆಳಕು ಭೂಮಿಯನ್ನು ಒಂದು ಸುತ್ತು ಬರುತ್ತದೆ. ನಮಗೆ ಅದು ಆಗಮನ ಕಾಲದ ನಡುವೆ ಬರುತ್ತದೆ. ಡಿಸೆಂಬರ್ 28ರ ಮುಗ್ಧ ಶಿಶುಗಳ ಹಬ್ಬಕ್ಕೆ ಆಗ ಎರಡು ಮೂರು ವಾರ ಉಳಿದಿರುತ್ತದೆ. ಮಕ್ಕಳಿಲ್ಲವಾದರೆಂದು ಸಮಾಧಾನವನ್ನೇ ಒಲ್ಲೆನೆನ್ನುವ ರಾಖೇಲಳನ್ನು ಶುಭಸಂದೇಶ ನೆನೆಯುವುದು ಆ ಹಬ್ಬದ ದಿನವೇ, ಗೋದಲಿಯ ದೀಪಗಳನ್ನು ಇನ್ನೂ ಬಿಚ್ಚಿರದ ವೇಳೆಯಲ್ಲಿ.

ಕಳೆದ ಡಿಸೆಂಬರಿನಲ್ಲಿ ನಮ್ಮ ಕೋಣೆಯ ಮೇಜಿನ ಮೇಲೆ ಇಪ್ಪತ್ತಮೂರು ಬತ್ತಿಗಳಿದ್ದವು. ಅಸ್ಸಾಮಿನಿಂದ ಕಾಫಿ ತೋಟದ ಕೆಲಸಕ್ಕೆ ಬಂದಿರುವ ಒಂದು ಎಳೆಯ ಜೋಡಿಯನ್ನು ಉಪದೇಶಿ ಕರೆತಂದಿದ್ದರು. ಎಂಟು ತಿಂಗಳ ಅವರ ಗಂಡು ಕೂಸು ನವೆಂಬರಿನಲ್ಲಿ ತೀರಿಕೊಂಡಿತ್ತು. ಅವರಿಗೆ ಕನ್ನಡ ಬಾರದು, ಅವರ ಸಾದ್ರಿ ಭಾಷೆ ನಮಗೆ ಬಾರದು. ಗಂಡನಿಗೆ ಒಂದಿಷ್ಟು ಹಿಂದಿ ಬರುತ್ತಿತ್ತು, ಆದರೆ ಅವನು ತಲೆ ತಗ್ಗಿಸಿ ಕುಳಿತಿದ್ದ. ಅಜ್ಜಿ ಆ ಹುಡುಗಿಯ ಕೈಗೆ ಬತ್ತಿ ಕೊಟ್ಟು, ತಮ್ಮ ಬತ್ತಿಯಿಂದ ಅದನ್ನು ಹಚ್ಚಿಕೊಟ್ಟರು. ಅವಳು ಮೊದಲು ಒಂದು ಹೆಸರು ಹೇಳಿದಳು. ಅದು ಹೆಸರೆಂದು ನಮಗೆ ತಿಳಿಯಿತು. ಆಮೇಲೆ ಮಾತನಾಡತೊಡಗಿದಳು. ನಡುವೆ ಕೂಸು ಮಗ್ಗುಲಾಗುವುದನ್ನು ಅಂಗೈ ತಿರುಗಿಸಿ ತೋರಿಸಿದಳು. ತೋರುಬೆರಳನ್ನು ತನ್ನ ವಸಡಿನ ಮೇಲಿಟ್ಟು ಎರಡು ಹಲ್ಲು ಎಂದು ಎರಡು ಬೆರಳೆತ್ತಿದಳು. ಗುರುಗಳು ಆಶೀರ್ವಾದ ಕೊಡಲು ಬಂದವರು ಬಾಗಿಲಲ್ಲೇ ನಿಂತರು. ಅವಳ ಮಾತು ಮುಗಿಯುವವರೆಗೆ ಯಾರೂ ಕದಲಲಿಲ್ಲ. ಸಹೋದರಿಯರು ತಂದಿಟ್ಟಿದ್ದ ಕಾಫಿ ಲೋಟಗಳಲ್ಲಿ ಆರಿ ಕೆನೆಗಟ್ಟಿತ್ತು.